ಲಾ ಹೋಯಾದಲ್ಲಿ ಕಯಾಕ್ ಮೇಲೆ ಯೆಲ್ಲೋಟೇಲ್ ಬೇಟೆ: ಗೈಡ್ ಟ್ರಿಪ್ ಹೇಗಿತ್ತು?

ಸ್ಯಾನ್ ಡಿಯಾಗೋಗೆ ಬರುವ ನೆಂಟರೂ ಸ್ನೇಹಿತರೂ ಈಗೀಗ ಒಂದು ಪ್ರಶ್ನೆ ಕೇಳುತ್ತಾರೆ. ಇಲ್ಲಿನ ಲಾ ಹೋಯಾ ಕಡಲತೀರದಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿಯ ಮೇಲೆ ಕೂತು ಯೆಲ್ಲೋಟೇಲ್ ಅನ್ನುವ ದೊಡ್ಡ ಮೀನು ಹಿಡಿಯುವ ಟ್ರಿಪ್ ಇದೆಯಂತಲ್ಲ, ಅಷ್ಟು ದುಡ್ಡು ಕೊಟ್ಟು ಹೋಗಬಹುದಾ ಅಂತ. ಹೋಗಬಹುದು. ನಾನಂತೂ ಮತ್ತೆ ಹೋಗುತ್ತೇನೆ. ಆದರೆ ಗೈಡ್ ಯಾರು, ಗುಂಪಿನಲ್ಲಿ ಎಷ್ಟು ಜನ ಅನ್ನುವುದನ್ನು ಮೊದಲೇ ಖಾತ್ರಿ ಮಾಡಿಕೊಂಡು ಹೋಗಿ. ಕಯಾಕ್, ರಾಡ್ (ಗಾಳದ ಕೋಲು), ರೀಲ್ (ದಾರ ಸುತ್ತುವ ಉರುಳೆ) ಎಲ್ಲ ಬೇರೆ ಕಡೆಯೂ ಬಾಡಿಗೆಗೆ ಸಿಗುತ್ತವೆ. ಯಾವ ತೆರೆಗೆ ಕಾಯಬೇಕು, ಎಲ್ಲಿ ಗಾಳ ಬಿಡಬೇಕು, ಎಷ್ಟು ಹೊತ್ತಿಗೆ ವಾಪಸ್ ತಿರುಗಬೇಕು ಅನ್ನುವ ತಿಳುವಳಿಕೆ ಒಳ್ಳೆಯ ಗೈಡ್ ಹತ್ತಿರ ಮಾತ್ರ ಇರುತ್ತದೆ. ನಿಮ್ಮ ದುಡ್ಡು ಹೋಗುವುದು ಅದಕ್ಕೆ.

ನಾವು ಹೋಗಿದ್ದು ಜೂನ್‌ನಲ್ಲಿ, ನಾನು ಮತ್ತು ನನ್ನ ಮೈದುನ. ಅವನು ಗಂಗೊಳ್ಳಿಯಲ್ಲೇ ಇರುವವನು. ಒಂದು ಬೋಟಿನಲ್ಲಿ ಪಾಲು ಇದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಅಲ್ವಾ, ಆ ರಜೆಯಲ್ಲೇ ಅಣ್ಣನ ಮನೆಗೆ ಅಂತ ಅಮೆರಿಕಕ್ಕೆ ಬಂದಿದ್ದ. ಬಂದವನಿಗೆ ಡಿಸ್ನಿಲ್ಯಾಂಡ್ ಬೇಡ, ಮಾಲ್ ಬೇಡ. ಕಡಲು ತೋರಿಸಿ ಅಂದ. ಹಾಗಾಗಿ ಈ ಟ್ರಿಪ್ ಬುಕ್ ಮಾಡಿದೆ. ಹುಟ್ಟಿದಾಗಿಂದ ಮೀನು ಹಿಡಿದೇ ಬದುಕಿದವನ ಕಣ್ಣು ಜೊತೆಗಿತ್ತು. ಆದ್ದರಿಂದ ಇಲ್ಲಿ ಬರೆದ ಅಭಿಪ್ರಾಯಗಳಲ್ಲಿ ಅರ್ಧ ಅವನದ್ದೇ.

ಒಬ್ಬರಿಗೆ 375 ಡಾಲರ್. ಕಯಾಕ್, ಗಾಳದ ಸಾಮಾನು, ಲೈಫ್ ಜಾಕೆಟ್, ವೆಟ್‌ಸೂಟ್ (ತಣ್ಣೀರಿನ ಚಳಿ ತಡೆಯುವ ರಬ್ಬರಿನಂಥ ಉಡುಪು) ಎಲ್ಲ ಅದರಲ್ಲೇ ಬರುತ್ತದೆ ಅಂದಿದ್ದರು. ಮೀನು ಹಿಡಿಯುವ ಲೈಸೆನ್ಸ್ ಮಾತ್ರ ನಾವೇ ತೆಗೆದುಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಂದು ದಿನದ ಲೈಸೆನ್ಸ್‌ಗೆ ಹೆಚ್ಚುಕಡಿಮೆ 20 ಡಾಲರ್ ಆಗುತ್ತದೆ. ಆನ್‌ಲೈನ್‌ನಲ್ಲೇ ಸಿಗುತ್ತದೆ, ಹೊರದೇಶದವರಿಗೂ ಕೊಡುತ್ತಾರೆ. ಇಡೀ ವರ್ಷದ ಲೈಸೆನ್ಸ್ ಇದ್ದವರು ದಕ್ಷಿಣದ ಈ ಭಾಗದ ಕಡಲಿಗೆ ಇನ್ನೊಂದು ಪರವಾನಗಿ ಸೇರಿಸಿಕೊಳ್ಳಬೇಕು. ಒಂದು ದಿನದ ಲೈಸೆನ್ಸ್‌ಗೆ ಅದು ಬೇಕಿಲ್ಲ.

ಲಾ ಹೋಯಾ ಯಾಕೆ ಅಂತ ಹೇಳಿಬಿಡುತ್ತೇನೆ, ಯಾಕಂದರೆ ಈ ಜಾಗದ ಗುಣ ಗೊತ್ತಿಲ್ಲದಿದ್ದರೆ ಟ್ರಿಪ್‌ನ ಬೆಲೆಯೂ ಅರ್ಥವಾಗುವುದಿಲ್ಲ. ದೊಡ್ಡ ಮೀನು ಬೇಕು ಅಂದರೆ ಬೇರೆ ಕಡೆ ಎಂಜಿನ್ ಬೋಟಿನಲ್ಲಿ ಗಂಟೆಗಟ್ಟಲೆ ಹೋಗಬೇಕು. ಇಲ್ಲಿ ದಡದ ಹತ್ತಿರವೇ ನೀರಿನಡಿಯಲ್ಲಿ ಆಳದ ಕಣಿವೆ ಶುರುವಾಗುತ್ತದೆ. ಆ ಕಣಿವೆಯಿಂದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜೊತೆ ಸಣ್ಣ ಮೀನಿಗೆ ಬೇಕಾದ ಆಹಾರ ಬರುತ್ತದೆ. ಸಣ್ಣ ಮೀನಿನ ಹಿಂದೆ ದೊಡ್ಡದು. ಪಕ್ಕದಲ್ಲೇ, ಪಾಯಿಂಟ್ ಲಾ ಹೋಯಾದ ಹೊರಗೆ, ಕೆಲ್ಪ್ ಕಾಡು. ಕಡಲ ತಳದ ಬಂಡೆಗೆ ಅಂಟಿ ಮೇಲಿನವರೆಗೂ ಬೆಳೆಯುವ ಕಂದು ಪಾಚಿ ಅದು, ಅನುಕೂಲ ಸಿಕ್ಕರೆ ದಿನಕ್ಕೆ 2 ಅಡಿವರೆಗೂ ಬೆಳೆಯುತ್ತದೆ. ಯೆಲ್ಲೋಟೇಲ್ ಈ ಕಾಡಿನ ಹೊರ ಅಂಚಿನಲ್ಲಿ ತಿರುಗಾಡಿಕೊಂಡು ಬಂಗುಡೆ, ಸ್ಕ್ವಿಡ್ ತಿನ್ನುತ್ತದೆ. ದಡದಿಂದ ಅಲ್ಲಿಗೆ ಸುಮಾರು ಒಂದೂವರೆ ಮೈಲಿ. ಕಯಾಕ್‌ನ ಪೆಡಲ್ ತುಳಿದುಕೊಂಡು ಹೋಗಬಹುದಾದ ದೂರ.

ಬೆಳಿಗ್ಗೆ 5 ಗಂಟೆಗೆ ಅವೆನಿಡಾ ಡೆ ಲಾ ಪ್ಲಾಯಾ ಬೀದಿಯ ಕೊನೆಗೆ ಬನ್ನಿ ಅಂದಿದ್ದರು. ಆ ಬೀದಿ ಸೀದಾ ಮರಳಿಗೇ ಇಳಿಯುತ್ತದೆ. ಗಾಡಿಯನ್ನು ಮರಳಿನ ಮೇಲೆ ತಂದು ಸಣ್ಣ ದೋಣಿ ಇಳಿಸಲು ಇಲ್ಲಿ ಅನುಮತಿ ಇದೆ. ಗೈಡ್ ಆಗಲೇ ಬಂದು ಕಯಾಕ್‌ಗಳನ್ನು ದಪ್ಪ ಗಾಳಿ ಚಕ್ರದ ಸಣ್ಣ ಬಂಡಿಗಳ ಮೇಲೆ ಸಾಲಾಗಿ ಇಟ್ಟಿದ್ದ. ನಲವತ್ತರ ಆಸುಪಾಸಿನ ಗಂಡಸು, ಮಾತು ಕಮ್ಮಿ. ಮೊದಲು ಕೈಗೆ ಕೊಟ್ಟಿದ್ದು ಲೈಫ್ ಜಾಕೆಟ್. ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಮೈದುನನದ್ದು ಸಡಿಲ ಇತ್ತು, ಬಿಚ್ಚಿಸಿ ಮತ್ತೆ ಕಟ್ಟಿಸಿದ. ದೊಡ್ಡವರು ಲೈಫ್ ಜಾಕೆಟ್ ದೋಣಿಯಲ್ಲಿ ಇಟ್ಟುಕೊಂಡಿದ್ದರೆ ಸಾಕು ಅನ್ನುತ್ತದೆ ಇಲ್ಲಿನ ಕಾನೂನು. ಈತನ ಜೊತೆ ಹೋಗಬೇಕಾದರೆ ಇಳಿದಾಗಿಂದ ಹತ್ತುವವರೆಗೂ ಹಾಕಿಕೊಂಡೇ ಇರಬೇಕು. ನನಗೆ ಅವನ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಕಯಾಕ್ ಬಗ್ಗೆ. ನಮಗೆ ಕೊಟ್ಟಿದ್ದು ಹೋಬಿ ಔಟ್‌ಬ್ಯಾಕ್. ಹೋಬಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಕಂಪನಿ. ಇದರ ವಿಶೇಷ ಕಾಲಿನ ಪೆಡಲ್. 1997ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಸೈಕಲ್ ತರ ಗಿರಗಿರ ತುಳಿಯುವುದಲ್ಲ, ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಒತ್ತುತ್ತಾ ಹೋಗುವುದು. ಅಡಿಯಲ್ಲಿ ಎರಡು ರಬ್ಬರಿನಂಥ ರೆಕ್ಕೆಗಳು ಎಡಕ್ಕೂ ಬಲಕ್ಕೂ ಬೀಸುತ್ತಾ ದೋಣಿಯನ್ನು ಮುಂದೆ ತಳ್ಳುತ್ತವೆ. ಎರಡೂ ಕೈ ಖಾಲಿ ಇರುತ್ತದೆ. ಮೀನು ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಒಂದು ಹಿಡಿಕೆ ಎಳೆದರೆ ಅದೇ ಪೆಡಲ್ ದೋಣಿಯನ್ನು ಹಿಂದಕ್ಕೂ ಒಯ್ಯುತ್ತದೆ. ಅಗಲ 34 ಇಂಚು. ಕೂತಲ್ಲೇ ಪಕ್ಕಕ್ಕೆ ತಿರುಗಿ ಹಿಂದಿನ ಡಬ್ಬಿಗೆ ಕೈ ಹಾಕಿದರೂ ಅಲುಗಾಡಲಿಲ್ಲ. ಕುರ್ಚಿಗೆ ಬೆನ್ನು ಒರಗುತ್ತದೆ, ಎತ್ತರವನ್ನೂ ಬದಲಾಯಿಸಿಕೊಳ್ಳಬಹುದು. ಆರು ಗಂಟೆ ಕೂತ ಮೇಲೂ ನನಗೆ ಸೊಂಟ ನೋವು ಬರಲಿಲ್ಲ. ಭಾರ ಜಾಸ್ತಿ, ಎಲ್ಲ ಸಾಮಾನು ಕಟ್ಟಿದ ಮೇಲೆ ಇಬ್ಬರು ಇಲ್ಲದೆ ಎತ್ತಲಾಗದು.

ದಡದಿಂದ ಇಳಿಯುವುದೇ ಈ ಆಟದ ಕಷ್ಟದ ಭಾಗ. ಮೈದುನ ನಿಂತು ತೆರೆ ನೋಡಿದ. "ಅತ್ತಿಗೆ, ಇದ್ ನಮ್ ಅಳಿವೆ ದಾಟಿದ್ ಹಂಗೇ" ಅಂದ. ಸರಿಯಾಗೇ ಹೇಳಿದ. ಗಂಗೊಳ್ಳಿಯ ಅಳಿವೆ ಬಾಗಿಲಲ್ಲಿ ಬೋಟಿನವರು ಎಂಜಿನ್ ಸಣ್ಣಗೆ ಮಾಡಿ ಕಾಯುತ್ತಾರಲ್ಲ, ದೊಡ್ಡ ತೆರೆಗಳು ಹೋಗಲಿ ಅಂತ, ಹಾಗೆಯೇ ಈತನೂ ಮೊಣಕಾಲು ನೀರಲ್ಲಿ ನಿಂತು ಕಾದ. ತೆರೆಗಳು ಗುಂಪಾಗಿ ಬರುತ್ತವೆ. ಗುಂಪು ಮುಗಿದ ಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ನುಗ್ಗಬೇಕು. ಇಲ್ಲಿ ಇನ್ನೊಂದು ಅನುಕೂಲ ಇದೆ. ಆ ಆಳದ ಕಣಿವೆ ತೆರೆಯ ಶಕ್ತಿಯನ್ನು ಎರಡೂ ಪಕ್ಕಕ್ಕೆ ಬಾಗಿಸಿಬಿಡುತ್ತದೆ. ಹಾಗಾಗಿ ಬೀಚಿನ ದಕ್ಷಿಣ ತುದಿಯಲ್ಲಿ ತೆರೆ ಸಣ್ಣದು, ಉತ್ತರಕ್ಕೆ ಹೋದಂತೆ ದೊಡ್ಡದು. ಹೊಸಬರನ್ನು ಈ ತುದಿಯಿಂದಲೇ ಇಳಿಸುವುದಕ್ಕೆ ಇದೇ ಕಾರಣ.

ಇಳಿಯುವಾಗ ಪೆಡಲ್ ಉಪಯೋಗಿಸುವ ಹಾಗಿಲ್ಲ, ರೆಕ್ಕೆ ಮರಳಿಗೆ ತಾಗಿ ಮುರಿಯುತ್ತದೆ. ರಾಡ್‌ಗಳನ್ನೆಲ್ಲ ಮಲಗಿಸಿ ಹಗ್ಗದಲ್ಲಿ ಕಟ್ಟಬೇಕು. ಗೈಡ್ ನನ್ನ ಕಯಾಕ್‌ನ ಹಿಂಭಾಗ ಹಿಡಿದುಕೊಂಡಿದ್ದ. "ಈಗ" ಅಂದ, ಬಲವಾಗಿ ತಳ್ಳಿದ. ನಾನು ಹುಟ್ಟು ಹಾಕುತ್ತಾ ಹೋದೆ. ಒಂದು ತೆರೆ ಕಯಾಕ್‌ನ ಮೂತಿಗೆ ಬಡಿದು ಮಡಿಲೆಲ್ಲ ನೀರಾಯಿತು. ಅಷ್ಟೇ, ಆಚೆ ಇದ್ದೆ. ಜೂನ್ ತಿಂಗಳಾದರೂ ನೀರು 18 ಡಿಗ್ರಿ ಸೆಲ್ಸಿಯಸ್ ಹತ್ತಿರ. ಊರಿನ ಕಡಲು ನೆನೆಸಿಕೊಂಡು ಚಡ್ಡಿ ಬನಿಯನ್‌ನಲ್ಲಿ ಬರಬೇಡಿ.

ಮಂಜು ಕವಿದಿತ್ತು. ಇಲ್ಲಿ ಮೇ, ಜೂನ್ ಬೆಳಿಗ್ಗೆ ಹೀಗೇ, ಕಡಲ ಮೋಡ ತಗ್ಗಿಗೆ ಬಂದು ಕೂರುತ್ತದೆ. ಗೈಡ್ ರೇಡಿಯೋವನ್ನು ಎದೆಗೆ ಕಟ್ಟಿಕೊಂಡಿದ್ದ. ತುರ್ತಿಗೆ 16ನೇ ಚಾನೆಲ್, ಇದನ್ನು ಒತ್ತಿ ಮಾತಾಡಿ ಅಂತ ನಮಗೂ ತೋರಿಸಿಕೊಟ್ಟ. ತನಗೇ ಏನಾದರೂ ಆದರೆ ಯಾರು ಕರೆಯಬೇಕು ಅನ್ನುವುದನ್ನೂ ಹೇಳಿದ. ಎಷ್ಟು ಗೈಡ್‌ಗಳು ಇದನ್ನು ಹೇಳುತ್ತಾರೆ?

ಇಳಿಯುವ ಬೀಚಿನ ಎದುರಿನ ನೀರೆಲ್ಲ ಮತ್ಲಾವೈಲ್ ಮೀಸಲು ಪ್ರದೇಶ. 2012ರಿಂದ ಅಲ್ಲಿ ಏನನ್ನೂ ಹಿಡಿಯುವಂತಿಲ್ಲ. ಮೀನೂ ಇಲ್ಲ, ಚಿಪ್ಪೂ ಇಲ್ಲ, ಗಾಳಕ್ಕೆ ಬೇಕಾದ ಸಣ್ಣ ಮೀನೂ ಇಲ್ಲ. ದಾಟಿಕೊಂಡು ಹೋಗಬಹುದು, ಆದರೆ ದಾರ ನೀರಿಗೆ ಬೀಳಬಾರದು. ಅದರ ಗಡಿ ಗೆರೆ ನೀರಿನ ಮೇಲೆ ಕಾಣುವುದಿಲ್ಲ, ಜಿಪಿಎಸ್‌ನಲ್ಲೇ ನೋಡಬೇಕು. ನಮ್ಮ ಗೈಡ್ ಗೆರೆ ದಾಟಿದ ಮೇಲೂ ಇನ್ನಷ್ಟು ದೂರ ತುಳಿಸಿದ. ಕಯಾಕ್ ತೇಲಿಕೊಂಡು ಹಿಂದೆ ಬಂದರೆ ತಪ್ಪಾಗುತ್ತದೆ, ಅದಕ್ಕೆ ಅಂದ. ಗೆರೆಯ ಒಳಗೆ, ನೀರಿನಡಿಯ ಮೀನು ತೋರಿಸುವ ಫಿಶ್ ಫೈಂಡರ್ ಪರದೆ ತುಂಬ ಬಂಗುಡೆ ಗುಂಪು ತೋರಿಸುತ್ತಿತ್ತು. ಮೈದುನನ ಕೈ ತುರಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಗೈಡ್ ಅತ್ತ ತಲೆಯೇ ಎತ್ತಲಿಲ್ಲ. ಬೇರೆ ದೋಣಿಯವರು ಯಾರೂ ನೋಡುತ್ತಿರಲಿಲ್ಲ, ಆದರೂ ಎತ್ತಲಿಲ್ಲ. ಆಮೇಲೆ ಮೈದುನ ಊರಿಗೆ ಫೋನ್ ಮಾಡಿದಾಗ ಪಾಲುದಾರರಿಗೆ ಮೊದಲು ಹೇಳಿದ್ದು ಇದನ್ನೇ. ಹಿಡಿಯದೆ ಬಿಟ್ಟ ಜಾಗದಲ್ಲಿ ಮೀನು ಎಷ್ಟು ದಪ್ಪಗೆ ನಿಂತಿತ್ತು ಅಂತ.

ಗೆರೆಯಾಚೆ ಮೊದಲ ಕೆಲಸ ಎರೆ ಹಿಡಿಯುವುದು. ಸಬಿಕಿ ಅನ್ನುವ ದಾರದಲ್ಲಿ ಆರು ಪುಟ್ಟ ಗಾಳ. ಒಂದೊಂದಕ್ಕೂ ಮಿಂಚುವ ಎಳೆ, ಚೂರು ಮೀನಿನ ಚರ್ಮ. ಕೆಳಗೆ ಸೀಸದ ಗುಂಡು. ಬಿಟ್ಟು, ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಅಲ್ಲಾಡಿಸಿದರೆ ಸಾಕು, ಬುಡುಬುಡು ಅಂತ ಜಗ್ಗುತ್ತದೆ. ಮೇಲೆ ಬಂದಾಗ ಮೂರು ಗಾಳದಲ್ಲಿ ಮೂರು ಮೀನು.

"ಅತ್ತಿಗೆ, ಇದ್ ಬಂಗ್ಡಿ ಅಲ್ದಾ?"

"ಹೌದ್ ಮಾರಾಯ, ಇಲ್ಲಿನ ಬಂಗ್ಡಿ."

"ಇದನ್ನ ಗಾಳಕ್ಕೆ ಹಾಕುದಾ?"

ಅವನಿಗೆ ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಇಲ್ಲಿಯದು ನಮ್ಮ ಬಂಗುಡೆಗಿಂತ ಉದ್ದ, ಬೆನ್ನ ಮೇಲೆ ಕಪ್ಪು ಅಂಕುಡೊಂಕು ಗೆರೆ. ಗೈಡ್ ಅದನ್ನು ಕೈಯಲ್ಲಿ ಮುಟ್ಟಲೇ ಇಲ್ಲ. ಒಂದು ಬಾಗಿದ ಕಡ್ಡಿಯಿಂದ ಗಾಳವನ್ನು ಹಿಡಿದು ತಲೆಕೆಳಗೆ ಮಾಡಿ ಒದರಿದ. ಮೀನು ತಾನಾಗಿ ಕಳಚಿ ನೀರು ತುಂಬಿದ ತೊಟ್ಟಿಗೆ ಬಿತ್ತು. ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಅರ್ಧ ಗಂಟೆಯಲ್ಲಿ ಸೋತುಬಿಡುತ್ತದೆ ಅಂದ. ತೊಟ್ಟಿಗೆ ಸಣ್ಣ ಪಂಪ್ ಇದೆ, ಹೊಸ ನೀರು ಬರುತ್ತಲೇ ಇರುತ್ತದೆ. ಸುಸ್ತಾದ ಎರೆಯನ್ನು ಯೆಲ್ಲೋಟೇಲ್ ಮೂಸಿಯೂ ನೋಡುವುದಿಲ್ಲವಂತೆ. ಹೀಗೆ ಮುತುವರ್ಜಿಯಿಂದ ಎರೆ ನೋಡಿಕೊಳ್ಳುವವನನ್ನು ನಾನು ಮೊದಲು ಕಂಡಿರಲಿಲ್ಲ.

ಆಮೇಲೆ ಕೆಲ್ಪ್ ಅಂಚು. ಬಂಗುಡೆಯ ಮೂಗಿಗೆ ಗಾಳ ಚುಚ್ಚಿ, ನೂರಡಿಯಷ್ಟು ದಾರ ಹಿಂದೆ ಬಿಟ್ಟು, ನಡೆಯುವಷ್ಟೇ ನಿಧಾನಕ್ಕೆ ತುಳಿಯುತ್ತಾ ಹೋಗುವುದು. ರೀಲಿನಲ್ಲಿ 65 ಪೌಂಡ್ ಎಳೆತ ತಡೆಯುವ ಹೆಣೆದ ದಾರ, ತುದಿಗೆ ನೀರಲ್ಲಿ ಸುಲಭಕ್ಕೆ ಕಾಣದ 40 ಪೌಂಡಿನ ಫ್ಲೂರೋಕಾರ್ಬನ್ ದಾರ. ಹೆಣೆದ ದಾರ ಯಾಕೆ ಅಂದರೆ, ಮೀನು ಕೆಲ್ಪ್ ಒಳಗೆ ಹೊಕ್ಕರೂ ಬಿಗಿಯಾಗಿ ಎಳೆಯುತ್ತಿದ್ದರೆ ಆ ದಾರ ಗರಗಸದಂತೆ ಪಾಚಿಯ ಕಾಂಡವನ್ನು ಕೊಯ್ಯುತ್ತದೆ. ತುಂಬ ಹೊತ್ತು ಏನೂ ಆಗಲಿಲ್ಲ. ಇದನ್ನೂ ಹೇಳಲೇಬೇಕು. ಬಹುಪಾಲು ಹೊತ್ತು ಸುಮ್ನೆ ತುಳಿಯುವುದೇ. ಎರಡು ಸಲ ಎರೆ ಬದಲಾಯಿಸಿದೆವು. ಮಂಜು ಕರಗಿ ಲಾ ಹೋಯಾ ಗುಡ್ಡದ ಮೇಲಿನ ಮನೆಗಳು ಕಂಡವು.

ಕೈಯಲ್ಲಿದ್ದ ರಾಡ್‌ನ ತುದಿ ಮೊದಲು ಚಡಪಡಿಸಿತು. ಅದು ಬಂಗುಡೆಯ ಹೆದರಿಕೆ. ದೊಡ್ಡದು ಹಿಂದೆ ಬಂದಿದೆ ಅಂತ ಅದಕ್ಕೆ ನಮಗಿಂತ ಮೊದಲೇ ಗೊತ್ತಾಗುತ್ತದೆ. ಗೈಡ್ ಪಕ್ಕದಲ್ಲೇ ಇದ್ದ. "ರೀಲ್ ಬಿಡಿ, ಹೆಬ್ಬೆರಳು ಮಾತ್ರ ಇಡಿ" ಅಂದ. ಬಿಟ್ಟೆ. ಹೆಬ್ಬೆರಳಿನಡಿ ದಾರ ಒಂದು ಕ್ಷಣ ನಿಂತಿತು. ಆಮೇಲೆ ಸರ್ರನೆ ಓಡತೊಡಗಿತು, ಬೆರಳು ಬಿಸಿಯಾಗುವಷ್ಟು. ಮೂರು ಎಣಿಸಿ ರೀಲ್ ಮತ್ತೆ ಬಿಗಿ ಮಾಡಿದೆ. ರಾಡ್ ಬಾಗಿ ತುದಿ ನೀರಿಗೆ ತಾಗಿತು. ಕಯಾಕ್ ತಾನಾಗಿ ತಿರುಗಿ ಮೀನಿನ ಹಿಂದೆ ಹೊರಟಿತು.

"ರಾಡ್ ಮೂತಿ ಕಡೆಗೆ! ಪಕ್ಕಕ್ಕೆ ಬೇಡ!" ಗೈಡ್ ಕೂಗಿದ್ದು ಅಷ್ಟೇ ಸಲ. ರಾಡ್ ಪಕ್ಕಕ್ಕೆ ಬಂದರೆ ಎಳೆತ ಅಡ್ಡಕ್ಕೆ ಬಿದ್ದು ದೋಣಿ ವಾಲುತ್ತದೆ. ಮೂತಿ ಕಡೆ ಇದ್ದರೆ ಮೀನು ದೋಣಿಯನ್ನೇ ಎಳೆದು ಎಳೆದು ಸುಸ್ತಾಗುತ್ತದೆ. ದೋಣಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಮೊದಲ ಓಟ ನೇರ ಕೆಲ್ಪ್ ಕಡೆಗೆ. ಯೆಲ್ಲೋಟೇಲ್‌ಗೆ ಆ ಬುದ್ಧಿ ಇದೆ, ಪಾಚಿಗೆ ಸುತ್ತಿ ದಾರ ಕಡಿಯುತ್ತದೆ. ಗೈಡ್ ಹಿಡಿಕೆ ಎಳೆಯಲು ಹೇಳಿದ. ಎಳೆದು ಹಿಂದಕ್ಕೆ ತುಳಿದೆ. ಕೈಯಲ್ಲಿ ಮೀನು, ಕಾಲಲ್ಲಿ ದೋಣಿ. ತೊಡೆ ಉರಿಯುತ್ತಿತ್ತು. ಇಂಚು ಇಂಚಾಗಿ ಇಬ್ಬರೂ ತೆರೆದ ನೀರಿಗೆ ಬಂದೆವು. ಅಲ್ಲಿಂದ ಮುಂದೆ ಎತ್ತುವುದು, ತಗ್ಗಿಸುತ್ತಾ ಸುತ್ತುವುದು, ಮತ್ತೆ ಎತ್ತುವುದು. 15 ನಿಮಿಷ ಆಗಿರಬಹುದು.

ಮೊದಲು ಕಂಡಿದ್ದು ಹಳದಿ ಬಾಲ. ನೀಲಿ ನೀರಿನಲ್ಲಿ ಸುತ್ತು ಹಾಕುತ್ತಾ ಮೇಲೆ ಬಂತು. ಬೆನ್ನು ಕಡುನೀಲಿ, ಹೊಟ್ಟೆ ಬೆಳ್ಳಿ, ಕಣ್ಣಿನಿಂದ ಬಾಲದವರೆಗೆ ನಡುವೆ ಹಿತ್ತಾಳೆ ಬಣ್ಣದ ಪಟ್ಟಿ. ಆ ಪಟ್ಟಿಯ ಹೊಳಪು ಇರುವುದು ಜೀವ ಇರುವವರೆಗೆ ಮಾತ್ರ, ಮಾರ್ಕೆಟಿನ ಮೀನಿನಲ್ಲಿ ಕಾಣಸಿಗದು. ಗೈಡ್ ತನ್ನ ಕಯಾಕ್ ತಾಗಿಸಿ ನಿಲ್ಲಿಸಿ, ತಲೆಯ ಹಿಂದೆ ಒಂದೇ ಏಟಿಗೆ ಕೊಕ್ಕೆ ಹಾಕಿದ. ಕಿವಿರು ಕೊಯ್ದು ಹಗ್ಗಕ್ಕೆ ಕಟ್ಟಿ ರಕ್ತ ಹರಿಯಬಿಟ್ಟ. ಆಮೇಲೆ ಐಸ್ ಚೀಲಕ್ಕೆ. ರಕ್ತ ತೆಗೆಯುವುದನ್ನು ಬೇಗ ಮಾಡಿದರೆ ಮಾಂಸ ಬೆಳ್ಳಗೆ ಉಳಿಯುತ್ತದೆ. ದಡದಲ್ಲಿ ತೂಕ ಮಾಡಿದಾಗ 27 ಪೌಂಡ್, ಅಂದರೆ 12 ಕಿಲೋ ಮೇಲೆ. ಇಲ್ಲಿನ ನಿಯಮದಂತೆ ಒಬ್ಬರು ದಿನಕ್ಕೆ ಹತ್ತು ಹಿಡಿಯಬಹುದು, ಅದರಲ್ಲಿ 24 ಇಂಚಿಗಿಂತ ಸಣ್ಣವು ಐದಕ್ಕಿಂತ ಜಾಸ್ತಿ ಇರಬಾರದು. ಅಷ್ಟು ಯಾರಿಗೆ ಬೇಕು? ಮನೆಗೆ ಒಂದು ಸಾಕು.

ಮೈದುನನಿಗೆ ಸಿಕ್ಕ ಮೀನು ದೋಣಿಗೆ ಬರಲಿಲ್ಲ. ಚೆನ್ನಾಗಿ ಎಳೆಯುತ್ತಿದ್ದ, ಅವನ ಕೈ ನೋಡಿ ಗೈಡ್ ಏನೂ ಹೇಳಲೇ ಇಲ್ಲ. ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿತ್ತು. ಅಷ್ಟರಲ್ಲಿ ಕಂದು ತಲೆಯೊಂದು ಮೇಲೆದ್ದಿತು, ಸೀ ಲಯನ್, ಸೀಲ್‌ನಂಥ ಕಡಲ ಪ್ರಾಣಿ. ಲಾ ಹೋಯಾ ಕೋವ್‌ನ ಬಂಡೆಗಳ ಮೇಲೆ ಇವುಗಳ ದೊಡ್ಡ ಗುಂಪೇ ಇದೆ. ಮೀನನ್ನು ಅಡ್ಡಡ್ಡ ಕಚ್ಚಿಕೊಂಡು ಹೋಯಿತು, ದಾರ ಕಡಿಯಿತು. 1972ರಿಂದ ಇರುವ ಕಾನೂನಿನ ಪ್ರಕಾರ ಇವುಗಳಿಗೆ ತೊಂದರೆ ಕೊಡುವಂತಿಲ್ಲ. ಜಾಗ ಬಿಟ್ಟು ಹೋಗುವುದೇ ಒಳ್ಳೆಯದು. ಮೈದುನ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅದ್ಕೂ ಹೊಟ್ಟಿ ಇತ್ತಲೆ" ಅಂದ.

ಅವನಿಗೆ ಇನ್ನೊಂದು ಅವಕಾಶ ಸಿಗಬೇಕಿತ್ತು. ಸಿಗಲಿಲ್ಲ. ನನ್ನ ದೊಡ್ಡ ದೂರು ಇದೇ. ಬುಕ್ ಮಾಡುವಾಗ ಒಬ್ಬ ಗೈಡ್‌ಗೆ ಇಬ್ಬರೇ ಅಂದಿದ್ದರು. ಬೆಳಿಗ್ಗೆ ಬಂದು ನೋಡಿದರೆ ಮೂರನೆಯವರೊಬ್ಬರು ಇದ್ದರು. ಪಾಪ, ಆ ಮನುಷ್ಯನ ತಪ್ಪೇನೂ ಇಲ್ಲ, ಅವರಿಗೂ ಹೀಗೇ ಹೇಳಿದ್ದರಂತೆ. ಎಂಟೂವರೆ ಹೊತ್ತಿಗೆ ಅವರ ಕಾಲು ಹಿಡಿದುಕೊಂಡಿತು, ತಲೆ ಸುತ್ತು ಬಂತು. ಗೈಡ್ ಅವರ ಕಯಾಕ್‌ಗೆ ಹಗ್ಗ ಕಟ್ಟಿ ದಡಕ್ಕೆ ಎಳೆದುಕೊಂಡು ಹೋಗಬೇಕಾಯಿತು. ನಾವೂ ಜೊತೆಗೇ ಬರಬೇಕು ಅಂದ. ಅದು ಸರಿಯಾದ ತೀರ್ಮಾನ, ನಮ್ಮನ್ನು ಅಲ್ಲಿ ಬಿಟ್ಟು ಹೋಗಿದ್ದರೆ ನಾನು ಇಷ್ಟು ಹೊಗಳುತ್ತಿರಲಿಲ್ಲ. ಆದರೆ ನಾವು ಮತ್ತೆ ಹೊರಗೆ ಹೋಗುವಷ್ಟರಲ್ಲಿ ಮೀನು ತಿನ್ನುತ್ತಿದ್ದ ಹೊತ್ತು ಮುಗಿದಿತ್ತು. ಕಂಪನಿಯವರು ಇಬ್ಬರು ಗೈಡ್ ಕಳಿಸಬೇಕಿತ್ತು. ಮೂರು ಜನರ ದುಡ್ಡು ತೆಗೆದುಕೊಂಡಿದ್ದಾರಲ್ಲ.

ಇನ್ನೂ ಎರಡು ಸಣ್ಣ ದೂರು. ಎಲ್ಲ ಸಾಮಾನು ಸೇರಿದೆ ಅಂತ ಹೇಳಿ, ಕಡಲಲ್ಲಿ ಕಳೆದುಹೋದ ಒಂದು ಕಬ್ಬಿಣದ ಜಿಗ್‌ಗೆ (ಮೀನಿನಂತೆ ಕಾಣುವ ಭಾರದ ಗಾಳ) ಆಮೇಲೆ 15 ಡಾಲರ್ ಹಾಕಿದರು. ದುಡ್ಡು ದೊಡ್ಡದಲ್ಲ, ಮೊದಲೇ ಹೇಳಬಹುದಿತ್ತು. ಮತ್ತೆ ಮೈದುನನಿಗೆ ಕೊಟ್ಟ ವೆಟ್‌ಸೂಟ್‌ನ ಮೊಣಕಾಲು ಹರಿದಿತ್ತು. ಎಲ್ಲವನ್ನೂ ಅವರಿಗೇ ನೇರವಾಗಿ ಬರೆದು ತಿಳಿಸಿದ್ದೇನೆ. ಹಾಗಾಗಿ ಇಲ್ಲಿ ಹೆಸರು ಹಾಕುತ್ತಿಲ್ಲ.

ದಡಕ್ಕೆ ಬರುವುದು ಇಳಿಯುವುದಕ್ಕಿಂತ ಕಷ್ಟ. ತೆರೆ ಬೆನ್ನ ಹಿಂದೆ ಇರುತ್ತದೆ, ಕಾಣುವುದಿಲ್ಲ. ಗೈಡ್ ಮೊದಲು ಹೋಗಿ ನೀರಲ್ಲಿ ನಿಂತು ಕೈ ಎತ್ತಿದ. ಕೈ ಎತ್ತಿರುವವರೆಗೆ ಕಾಯುವುದು, ಇಳಿಸಿದಾಗ ಬರುವುದು. ಪೆಡಲ್ ಕಿತ್ತು ಒಳಗಿಟ್ಟು, ಮೈ ಹಿಂದಕ್ಕೆ ವಾಲಿಸಿ, ಮೂತಿ ನೇರ ಇಟ್ಟುಕೊಂಡು ಬಂದೆ. ದೋಣಿ ಅಡ್ಡ ತಿರುಗಿದರೆ ತೆರೆಯ ಕಡೆಗೇ ವಾಲಬೇಕು, ದಡದ ಕಡೆ ವಾಲಿದರೆ ಮಗುಚುತ್ತದೆ. ಇದನ್ನು ಬೆಳಿಗ್ಗೆ ಮರಳ ಮೇಲೆಯೇ ಕೂರಿಸಿ ಕಲಿಸಿದ್ದ. ಮಧ್ಯಾಹ್ನ ಆದಂತೆ ಪಶ್ಚಿಮದ ಗಾಳಿ ಏಳುತ್ತದೆ, ಅದಕ್ಕೇ ಹನ್ನೆರಡರೊಳಗೆ ದಡದಲ್ಲಿ ಇರಬೇಕು ಅನ್ನುವುದು ಅವನ ಲೆಕ್ಕ. ನಾವು ಬಂಡಿ ಎಳೆಯುವಾಗ ನೀರಿನ ಮೇಲೆ ಬಿಳಿ ನೊರೆ ಏಳತೊಡಗಿತ್ತು.

ಹೆಂಗಸರು ನನಗೆ ಕೇಳುವ ಮೊದಲ ಪ್ರಶ್ನೆ ಬಾತ್‌ರೂಮ್. ಬೀಚ್ ಪಕ್ಕದ ಕೆಲ್ಲಾಗ್ ಪಾರ್ಕ್‌ನಲ್ಲಿ ಒಳ್ಳೆಯ ವ್ಯವಸ್ಥೆ ಇದೆ, ಸ್ನಾನಕ್ಕೆ ಶವರ್ ಕೂಡ ಇದೆ. ಆದರೆ ಕಡಲಿನಲ್ಲಿ ಆರು ಗಂಟೆ. ಮೇಲೆ ಬೇರೆ, ಕೆಳಗೆ ಬೇರೆ ಇರುವ ಎರಡು ತುಂಡಿನ ವೆಟ್‌ಸೂಟ್ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ. ನಾನು ಕೇಳಿದ್ದೆ, ಕೊಟ್ಟರು. ಗೈಡ್‌ಗೆ ಮುಜುಗರವಿಲ್ಲದೆ ಹೇಳಿ, ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ನೀರು ಕುಡಿಯದೆ ಇರಬೇಡಿ, ಕಾಲು ಹಿಡಿದುಕೊಳ್ಳುವುದು ಅದರಿಂದಲೂ ಆಗುತ್ತದೆ. ತಲೆ ಸುತ್ತುವವರು ಹಿಂದಿನ ರಾತ್ರಿಯೇ ಮಾತ್ರೆ ತೆಗೆದುಕೊಂಡರೆ ಒಳ್ಳೆಯದು.

ಈಜು ಬಾರದವರು ಹೋಗಬೇಡಿ. ಲೈಫ್ ಜಾಕೆಟ್ ಇರುತ್ತದಲ್ಲ ಅನ್ನಬೇಡಿ. ತಣ್ಣೀರಿಗೆ ಬಿದ್ದಾಗ ಉಸಿರು ಕಟ್ಟುತ್ತದೆ, ಆ ಮೊದಲ ನಿಮಿಷ ಗಾಬರಿಯಾಗದವರು ಮಾತ್ರ ಮತ್ತೆ ದೋಣಿ ಹತ್ತುತ್ತಾರೆ.

ಮೀನಿನ ರುಚಿ ಬಗ್ಗೆ ಹೇಳದೆ ಇದ್ದರೆ ಊರಿನವರು ಬಿಡುವುದಿಲ್ಲ. ಯೆಲ್ಲೋಟೇಲ್ ಕೊಬ್ಬಿನ ಮೀನು, ಜಪಾನೀಸ್ ಹೋಟೆಲಿನಲ್ಲಿ ಸಿಗುವ ಹಮಾಚಿ ಅನ್ನುವ ಮೀನಿನ ಬಳಗ. ಕಿವಿರಿನ ಹಿಂದಿನ ಕಾಲರ್ ತುಂಡು ಎಲ್ಲಕ್ಕಿಂತ ರುಚಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆಹುಳಿ ಅರೆದು ಹಚ್ಚಿ, ಒಂದು ಗಂಟೆ ಬಿಟ್ಟು ಓವನ್‌ನಲ್ಲಿ ಸುಟ್ಟೆ. ಎಣ್ಣೆ ಹಾಕಲೇ ಇಲ್ಲ, ಅದರದ್ದೇ ಇಳಿಯಿತು. ಬೆನ್ನಿನ ತುಂಡು ಸಾರಿಗೆ ಅಂಜಲ್‌ನಷ್ಟು ಚೆನ್ನಾಗಿ ಬರಲಿಲ್ಲ, ಜಾಸ್ತಿ ಬೆಂದರೆ ಒಣಗುತ್ತದೆ. ಸಾರು ಕುದಿದ ಮೇಲೆ ಹಾಕಿ ಐದು ನಿಮಿಷಕ್ಕೆ ಒಲೆ ಆರಿಸಿ. ಬಾಲದ ಹತ್ತಿರದ ಮಾಂಸದಲ್ಲಿ ಕೆಲವೊಮ್ಮೆ ಬಿಳಿ ಹುಳ ಇರುತ್ತದೆ, ಆ ಭಾಗ ಕೊಯ್ದು ತೆಗೆದರಾಯಿತು. ಉಳಿದದ್ದನ್ನು ಮೂರು ಮನೆಗೆ ಹಂಚಿದೆವು.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮೀನು ಸಿಗುವ ಸಾಧ್ಯತೆ ಜಾಸ್ತಿ. ಚಳಿಗಾಲದಲ್ಲಿ ತೆರೆಯೂ ದೊಡ್ಡದು. ವಾರದ ಮಧ್ಯೆ ಹೋಗಿ, ಶನಿವಾರ ಭಾನುವಾರ ಪಾರ್ಕಿಂಗ್‌ಗೇ ಪರದಾಡಬೇಕು. ದುಡ್ಡು ಕಟ್ಟುವ ಮೊದಲು ಒಬ್ಬ ಗೈಡ್‌ಗೆ ಎಷ್ಟು ಜನ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕಳೆದುಹೋದ ಸಾಮಾನಿಗೆ ಯಾರು ಕೊಡಬೇಕು ಅಂತಲೂ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ದುಡ್ಡಿಗೆ ಮೀನು ಹಿಡಿಸುವ ಗೈಡ್‌ಗೆ ರಾಜ್ಯದ ಲೈಸೆನ್ಸ್ ಇರಬೇಕು. ಅದರ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ.